ಮಂಡಿ ನೋವಿನವರಿಗೂ ಆಗುವ ನಡಿಗೆ: ಪೂರ್ವ ಇಂಗ್ಲೆಂಡಿನ ಹೀತ್, ಫೆನ್ ಹಾದಿಗಳಲ್ಲಿ ನಿಮಗೆ ಯಾವುದು?

ಅಪ್ಪ ಅಮ್ಮ ಮೊದಲ ಸಲ ಕೇಂಬ್ರಿಜ್‌ಗೆ ಬಂದಾಗ ನಾನೂ ಎಲ್ಲರು ಮಾಡುವ ತಪ್ಪನ್ನೇ ಮಾಡಿದೆ. ಲೇಕ್ ಡಿಸ್ಟ್ರಿಕ್ಟ್ ತೋರಿಸುತ್ತೇನೆ ಅಂತ ಐದು ಗಂಟೆ ಕಾರಿನಲ್ಲಿ ಕೂರಿಸಿದೆ. ಇಳಿದ ಮೇಲೆ ಕಲ್ಲು ಹಾದಿ, ಅದೂ ಏರು. ಅಮ್ಮ ಅರ್ಧ ಮೈಲಿ ನಡೆದು ಒಂದು ಬಂಡೆಯ ಮೇಲೆ ಕೂತರು. "ನೀವಿಬ್ಬರೂ ಹೋಗಿ ಬನ್ನಿ, ನಾನು ಇಲ್ಲೇ ಕುರಿ ನೋಡ್ತಾ ಇರ್ತೀನಿ" ಅಂದರು. ಕುರಿ ನೋಡಲು ಹಿರಿಯೂರಿನಿಂದ ಇಲ್ಲಿಗೆ ಬರಬೇಕಿತ್ತಾ?

ಎರಡನೇ ಸಲ ಬಂದಾಗ ಬೆಟ್ಟದ ಸಹವಾಸ ಬಿಟ್ಟೆ. ಮನೆಯ ಸುತ್ತಮುತ್ತಲೇ, ಕೇಂಬ್ರಿಜ್‌ಶೈರ್, ಸಫಕ್, ನಾರ್ಫಕ್ ಕಡೆ ಸಮತಟ್ಟು ನೆಲದಲ್ಲಿ ನಡೆಸಿದೆ. ಇಲ್ಲಿ ಎರಡು ಬಗೆಯ ಜಾಗಗಳಿವೆ. ಒಂದು ಹೀತ್, ಇನ್ನೊಂದು ಫೆನ್. ಪ್ರವಾಸದ ಪಟ್ಟಿಗಳಲ್ಲಿ ಇವು ಕೊನೆಯಲ್ಲಿರುತ್ತವೆ. ಫೋಟೋದಲ್ಲಿ ನೋಡಿದರೆ ಏನೂ ಇಲ್ಲದ ಬಯಲು ಅನ್ನಿಸುತ್ತದೆ. ಅಮ್ಮನೂ ಮೊದಲು ಕೇಳಿದ್ದು ಅದನ್ನೇ: "ಇದರಲ್ಲಿ ನೋಡೋದೇನಿದೆಯೋ?"

ಇದೆ. ಆದರೆ ಎಲ್ಲ ಜಾಗವೂ ಎಲ್ಲರಿಗೂ ಅಲ್ಲ, ಎಲ್ಲ ತಿಂಗಳಿಗೂ ಅಲ್ಲ. ನಾಲ್ಕು ಬೇಸಿಗೆ, ಎರಡು ಚಳಿಗಾಲ ಅಲೆದು ಗೊತ್ತಾಗಿದ್ದನ್ನು ಇಲ್ಲಿ ಹೋಲಿಸಿ ಬರೆಯುತ್ತಿದ್ದೇನೆ.

ಹೀತ್ ಅಂದರೇನು, ಫೆನ್ ಅಂದರೇನು

ಹೀತ್ ಅಂದರೆ ಮರಳು ಮಣ್ಣಿನ, ಸಾರವಿಲ್ಲದ ಬಯಲು. ಮೊಣಕಾಲೆತ್ತರದ ಕುರುಚಲು ಗಿಡ ಹಬ್ಬಿರುತ್ತದೆ. ಮುಖ್ಯ ಗಿಡದ ಹೆಸರು ಹೆದರ್. ಹೆಸರು ಕೇಳಿ ಹೆದರಬೇಡಿ, ಮುಳ್ಳಿಲ್ಲ, ನೇರಳೆ ಹೂ ಬಿಡುತ್ತದೆ. ಮುಳ್ಳಿರುವುದು ಗೋರ್ಸ್ ಎಂಬ ಇನ್ನೊಂದು ಪೊದೆಗೆ. ಅದರದು ಹಳದಿ ಹೂ.

ಫೆನ್ ಅಂದರೆ ಜೌಗು. ಸತ್ತ ಗಿಡಗಂಟಿ ನೀರಿನಲ್ಲಿ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತು ಕಪ್ಪು ಮಣ್ಣಾಗುತ್ತದೆ. ಅದಕ್ಕೆ ಪೀಟ್ ಅನ್ನುತ್ತಾರೆ. ಅದರ ಮೇಲೆ ಆಳೆತ್ತರದ ಜೊಂಡು, ಆಪು, ಮಧ್ಯೆ ಕಾಲುವೆಗಳು.

ಒಂದು ಒಣ, ಒಂದು ಒದ್ದೆ. ಆದರೆ ಎರಡೂ ಒಂದು ವಿಷಯದಲ್ಲಿ ಅಣ್ಣತಮ್ಮಂದಿರು. ಎರಡನ್ನೂ ಉಳಿಸಿಕೊಂಡು ಬಂದವರು ಮನುಷ್ಯರೇ. ಹೀತ್‌ನಲ್ಲಿ ಸಾವಿರಾರು ವರ್ಷ ಕುರಿ ದನ ಮೇಯಿಸಿದರು, ಸೌದೆ ಕಡಿದರು. ಫೆನ್‌ನಲ್ಲಿ ಚಾವಣಿಗೆ ಆಪು ಕೊಯ್ದರು, ಒಲೆಗೆ ಪೀಟ್ ಅಗೆದರು. ಆ ಕೆಲಸ ನಿಂತರೆ ಕೆಲವೇ ದಶಕದಲ್ಲಿ ಬರ್ಚ್, ಪೈನ್ ಎದ್ದು ಕಾಡಾಗುತ್ತದೆ. ಕಾಡಾದರೆ ಒಳ್ಳೆಯದೇ ಅಲ್ವಾ ಅನ್ನಬಹುದು. ನಮ್ಮ ಕಡೆಯ ಅಮೃತಮಹಲ್ ಕಾವಲು ಗೊತ್ತಿರುವವರು ಹಾಗನ್ನುವುದಿಲ್ಲ. ಹುಲ್ಲುಗಾವಲಿನಲ್ಲಿ ಸಾಲು ಮರ ನೆಟ್ಟರೆ ಕೃಷ್ಣಮೃಗಕ್ಕೆ ಜಾಗ ಎಲ್ಲಿ? ಅಪ್ಪನಿಗೆ ಈ ಲೆಕ್ಕ ತಕ್ಷಣ ಹೊಳೆಯಿತು. "ಇದೂ ಕಾವಲೇ" ಅಂದುಬಿಟ್ಟರು. ಅಲ್ಲಿಂದ ಮನೆಯಲ್ಲಿ ಹೀತ್‌ಗೆ ಅದೇ ಹೆಸರು.

"ಸುಲಭ" ಅನ್ನುವುದರ ಅರ್ಥ

ಇಂಗ್ಲಿಷರ ನಡಿಗೆ ಪುಸ್ತಕಗಳಲ್ಲಿ ಸುಲಭ ಅಂದರೆ ಏರು ಇಲ್ಲ ಅಂತಷ್ಟೇ ಅರ್ಥ. ಅದನ್ನು ನಂಬಿ ಹೊರಡಬೇಡಿ. ಈ ಸೀಮೆಯಲ್ಲಿ ಏರು ಎಲ್ಲೂ ಇಲ್ಲ. ಕಷ್ಟ ಕೊಡುವುದು ಕಾಲ ಕೆಳಗಿನ ನೆಲ. ಹೀತ್‌ನ ಸಡಿಲ ಮರಳಿನಲ್ಲಿ ಒಂದು ಮೈಲಿ ನಡೆದರೆ ಡಾಂಬರಿನಲ್ಲಿ ಎರಡು ಮೈಲಿ ನಡೆದಷ್ಟು ಸುಸ್ತು. ಸಮುದ್ರದಂಡೆಯ ಉರುಟುಗಲ್ಲಿನಲ್ಲಿ ಇನ್ನೂ ಜಾಸ್ತಿ. ಫೆನ್‌ನ ಹುಲ್ಲು ದಾರಿ ಬೇಸಿಗೆಯಲ್ಲಿ ಮೆತ್ತೆಯಂತಿರುತ್ತದೆ, ನವೆಂಬರ್ ಬಂದರೆ ಗದ್ದೆ ಕೆಸರು.

ಅದಕ್ಕೇ ನಾನು ನೋಡುವುದು ಬೇರೆ. ನೆಲ ಗಟ್ಟಿಯಾ? ಅರ್ಧಕ್ಕೆ ವಾಪಸ್ ಬರಬಹುದಾ? ಕೂರಲು ಬೆಂಚಿದೆಯಾ? ಶೌಚಾಲಯ ಎಷ್ಟು ದೂರ? ಮಳೆ ಬಂದರೆ ನುಗ್ಗಲು ಹತ್ತಿರದಲ್ಲಿ ಒಂದು ಹಳೆಯ ಕಟ್ಟಡವಾದರೂ ಇದೆಯಾ? ಈ ಕೊನೆಯದನ್ನು ತಮಾಷೆ ಅಂದುಕೊಳ್ಳಬೇಡಿ.

ವಿಕನ್ ಫೆನ್ ಮತ್ತು ಈಲಿ: ಮೊದಲ ಸಲ ಹೋಗುವವರಿಗೆ

ಒಂದೇ ದಿನ ಇದೆ, ಜೊತೆಗೆ ವಯಸ್ಸಾದವರಿದ್ದಾರೆ ಅಂದರೆ ಯೋಚನೆ ಬೇಡ. ವಿಕನ್ ಫೆನ್‌ಗೆ ಹೋಗಿ. ಕೇಂಬ್ರಿಜ್‌ನಿಂದ ಕಾರಿನಲ್ಲಿ ಅರ್ಧ ಗಂಟೆ ಚಿಲ್ಲರೆ.

ಇಲ್ಲಿನ ದೊಡ್ಡ ಅನುಕೂಲ ಹಲಗೆ ಹಾದಿ. ಜೌಗಿನ ಮೇಲೆ ಹಲಗೆ ಹಾಸಿ ಸುಮಾರು 1.2 ಕಿಲೋಮೀಟರ್ ಸುತ್ತು ಮಾಡಿದ್ದಾರೆ. ಗಾಲಿಕುರ್ಚಿ ಹೋಗುತ್ತದೆ, ಮಗುವಿನ ತಳ್ಳುಗಾಡಿ ಹೋಗುತ್ತದೆ. ಕಾಲು ಒದ್ದೆಯಾಗದೆ ಜೊಂಡಿನ ನಡುವೆ ನಿಲ್ಲಬಹುದು. ಎರಡೂ ಕಡೆ ತಲೆಗಿಂತ ಎತ್ತರ ಬೆಳೆದಿರುತ್ತದೆ. ಗಾಳಿ ಬೀಸಿದರೆ ಇಡೀ ಜಾಗ ಸರಸರ ಅನ್ನುತ್ತದೆ. "ನಮ್ಮ ಕೆರೆ ಹಿಂದಿನ ಜೊಂಡಿನ ಥರಾನೇ ಇದೆ ಕಣೋ" ಅಂದರು ಅಮ್ಮ. ನಡೆದಷ್ಟೂ ಹೊತ್ತು ಅವರೂರಿನ ಕೆರೆಯ ಕಥೆ. ನನಗೆ ಅರ್ಧ ಮಾತ್ರ ಗೊತ್ತಿತ್ತು.

ಹಳೆಯ ಕಟ್ಟಡ, ಪ್ರಕೃತಿಯ ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಅತಿ ಹಳೆಯ ಪ್ರಕೃತಿಧಾಮ ವಿಕನ್. 1899ರಲ್ಲಿ ಎರಡು ಎಕರೆ ಕೊಂಡು ಶುರು ಮಾಡಿದರು. ಚಾರ್ಲ್ಸ್ ಡಾರ್ವಿನ್ ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗ, 1820ರ ದಶಕದ ಕೊನೆಯಲ್ಲಿ, ಇಲ್ಲಿಂದ ಜೀರುಂಡೆ ಹಿಡಿಸಿ ತರಿಸುತ್ತಿದ್ದನಂತೆ. ಇಲ್ಲಿ ಈವರೆಗೆ ದಾಖಲಾಗಿರುವ ಜೀವಿಗಳು 9,000 ಬಗೆಗಿಂತ ಹೆಚ್ಚು. ಅದರಲ್ಲಿ ಬಹುಪಾಲು ಹುಳು ಹುಪ್ಪಟೆ, ಪತಂಗ, ಜೀರುಂಡೆ. ಜೂನ್ ಜುಲೈನಲ್ಲಿ ಹೋದರೆ ಏರೋಪ್ಲೇನ್ ಚಿಟ್ಟೆಗಳನ್ನು ಎಣಿಸಲಾಗದು.

ಹಲಗೆ ಹಾದಿಯ ಪಕ್ಕದಲ್ಲಿ ಒಂದು ಪುಟ್ಟ ಮರದ ಗಾಳಿಯಂತ್ರ ಇದೆ. ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಈ ಸೀಮೆಯ ಪೂರ್ತಿ ಕಥೆ ಅದರಲ್ಲಿದೆ. ಒಂದು ಕಾಲದಲ್ಲಿ ಸುಮಾರು 4,000 ಚದರ ಕಿಲೋಮೀಟರ್ ಜೌಗಿತ್ತು. ಜನ ದೋಣಿಯಲ್ಲಿ ಓಡಾಡುತ್ತಿದ್ದರು, ಹಾವುಮೀನು ಹಿಡಿಯುತ್ತಿದ್ದರು, ಚಳಿಜ್ವರದಿಂದ ನಡುಗುತ್ತಿದ್ದರು. ಅದು ಮಲೇರಿಯಾ. ಇಂಗ್ಲೆಂಡಿನಲ್ಲೂ ಮಲೇರಿಯಾ ಇತ್ತು ಅಂದರೆ ನಮ್ಮವರು ನಂಬುವುದಿಲ್ಲ. 17ನೇ ಶತಮಾನದಲ್ಲಿ ಬೆಡ್‌ಫರ್ಡ್‌ನ ಅರ್ಲ್ ಮತ್ತು ಇನ್ನಷ್ಟು ಹಣವಂತರು ಕೂಡಿ ಡಚ್ ಇಂಜಿನಿಯರ್ ಕಾರ್ನೀಲಿಯಸ್ ವರ್ಮೌಡನ್ ಕೈಯಲ್ಲಿ ಕಾಲುವೆ ತೋಡಿಸಿದರು. ನೀರು ಹರಿದು ಹೋಯಿತು. ಹೊಲ ಸಿಕ್ಕಿತು. ಆದರೆ ಒಣಗಿದ ಪೀಟ್ ಕುಗ್ಗತೊಡಗಿತು. ನೆಲ ನದಿಗಿಂತ ಕೆಳಗೆ ಇಳಿಯಿತು. ಆಗ ನೀರನ್ನು ಮೇಲಕ್ಕೆತ್ತಲು ನೂರಾರು ಗಾಳಿಯಂತ್ರ ಬಂದವು. ಮರದ್ದರಲ್ಲಿ ಉಳಿದಿರುವುದು ವಿಕನ್‌ನದು ಒಂದೇ. ಹೊಲದಿಂದ ನೀರು ಹೊರಹಾಕಲು ಕಟ್ಟಿದ ಯಂತ್ರವನ್ನು ಇಲ್ಲಿ ಫೆನ್ ಒಣಗದಿರಲಿ ಅಂತ ನೀರು ಒಳಗೆ ಎತ್ತಲು ಬಳಸುತ್ತಾರೆ. ಅಪ್ಪ ನಿವೃತ್ತ ನೀರಾವರಿ ಇಲಾಖೆಯವರು. ಇದನ್ನು ಕೇಳಿ ಬಹಳ ಹೊತ್ತು ನಕ್ಕರು.

ಅಷ್ಟು ದೊಡ್ಡ ಜೌಗಿನಲ್ಲಿ ಇವತ್ತು ನೂರಕ್ಕೆ ಒಂದು ಪಾಲೂ ಉಳಿದಿಲ್ಲ. ವಿಕನ್ ಅಂಥ ಒಂದು ಚೂರು. ಸುತ್ತಲ ಹೊಲ ಕುಗ್ಗಿ ಇಳಿದಿರುವುದರಿಂದ ಫೆನ್ ಈಗ ದಿಬ್ಬದ ಹಾಗೆ ಮೇಲೆ ಉಳಿದಿದೆ. ಜೌಗು ಮೇಲೆ, ಹೊಲ ಕೆಳಗೆ. ಹಲಗೆ ಹಾದಿ ಬಿಟ್ಟು ಅಂಚಿಗೆ ಹೋಗಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ.

ಇನ್ನೂ ನಡೆಯುವ ಶಕ್ತಿ ಇದ್ದರೆ ಕಾಲುವೆಯ ಆಚೆ ಅಡ್ವೆಂಚರರ್ಸ್ ಫೆನ್ ಕಡೆ ಹೋಗಬಹುದು. ಅಲ್ಲಿ ಕೋನಿಕ್ ಎಂಬ ಬೂದು ಬಣ್ಣದ ಕುದುರೆಗಳು ಅರೆ ಕಾಡು ಸ್ಥಿತಿಯಲ್ಲಿ ಮೇಯುತ್ತವೆ. ದಾರಿ ಹುಲ್ಲಿನದು, ಮಳೆಗಾಲದಲ್ಲಿ ಜಾರುತ್ತದೆ. ಹಿರಿಯರಿಗೆ ನಾನು ಇದನ್ನು ಹೇಳುವುದಿಲ್ಲ. ಅವರನ್ನು ದೋಣಿಗೆ ಹತ್ತಿಸಿ. ಬೆಚ್ಚಗಿನ ತಿಂಗಳುಗಳಲ್ಲಿ ಕಾಲುವೆಯಲ್ಲಿ ದೋಣಿ ಸವಾರಿ ಇರುತ್ತದೆ.

ಇತಿಹಾಸಕ್ಕೆ ಈಲಿ ಊರಿನ ಕೆಥೀಡ್ರಲ್, ಅಂದರೆ ದೊಡ್ಡ ಚರ್ಚು. ವಿಕನ್‌ನಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ. ಊರಿನ ಹೆಸರೇ ಹಾವುಮೀನಿನಿಂದ ಬಂದಿದ್ದು ಅನ್ನುತ್ತಾರೆ. ಜೌಗಿನ ನಡುವೆ ಇದು ದ್ವೀಪವಾಗಿತ್ತು. ಈಗಲೂ ಬಯಲಿನಲ್ಲಿ ಹತ್ತಾರು ಮೈಲಿಯಿಂದ ಕಾಣುವುದರಿಂದ ಇದಕ್ಕೆ ಫೆನ್‌ಗಳ ಹಡಗು ಅಂತ ಹೆಸರು. ಕಟ್ಟಡ ಶುರುವಾಗಿದ್ದು 1083ರಲ್ಲಿ. 1322ರಲ್ಲಿ ನಡುವಿನ ಗೋಪುರ ಕುಸಿದು ಬಿತ್ತು. ಆ ಜಾಗದಲ್ಲಿ ಮತ್ತೆ ಗೋಪುರ ಎತ್ತುವ ಧೈರ್ಯ ಮಾಡದೆ ಎಂಟು ಮೂಲೆಯ ದೀಪದಂಥ ರಚನೆ ನಿಲ್ಲಿಸಿದರು. ಅದರ ಅಡಿಯಲ್ಲಿ ನಿಂತು ಮೇಲೆ ನೋಡಿ. ಕಲ್ಲಿನದಲ್ಲ, ಭಾರಿ ಓಕ್ ಮರದ ತೊಲೆಗಳ ಮೇಲೆ ನಿಂತಿದೆ. ಒಳಗೆ ಹೋಗಲು ಟಿಕೆಟ್ ಇದೆ, ಆದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ರೈಲಿನಲ್ಲಿ ಬರುವವರಿಗೆ ಹತ್ತಿರದ ಇನ್ನೊಂದು ಊರು ಸೋಹಮ್. 2021ರ ಡಿಸೆಂಬರಿನಲ್ಲಿ ಅಲ್ಲಿ ಮತ್ತೆ ನಿಲ್ದಾಣ ತೆರೆದರು. ಅಪ್ಪ ಆ ಫಲಕದ ಮುಂದೆ ಕೈಮುಗಿದು ಫೋಟೋ ತೆಗೆಸಿಕೊಂಡಿದ್ದಾರೆ. "ಸೋಹಂ ಅನ್ನೋ ಊರಲ್ಲಿ ಇಳಿದು ಹುಳ ನೋಡೋಕೆ ಹೋಗ್ತಾರಲ್ಲೋ" ಅಂತ ಅವರ ಗೊಣಗಾಟ. ನಿಲ್ದಾಣದಿಂದ ಫೆನ್‌ಗೆ ಮತ್ತೆ ಟ್ಯಾಕ್ಸಿ ಬೇಕು, ಗೊತ್ತಿರಲಿ.

ವಿಕನ್‌ನ ಕೊರತೆ? ಭಾನುವಾರ ಜನ ಜಾಸ್ತಿ. ಹಲಗೆಯ ಮೇಲೆ ಎದುರುಬದುರಾದರೆ ಪಕ್ಕಕ್ಕೆ ಸರಿದು ನಿಲ್ಲಬೇಕು. ನಡಿಗೆ ಪ್ರಿಯರಿಗೆ ಇದು ತೀರಾ ಚಿಕ್ಕದು ಅನ್ನಿಸಬಹುದು.

ಇನ್ನೆರಡು ಫೆನ್: ನೋಡಬಹುದು, ಆದರೆ

ರೆಡ್‌ಗ್ರೇವ್ ಅಂಡ್ ಲೋಪಮ್ ಫೆನ್ ನಾರ್ಫಕ್ ಮತ್ತು ಸಫಕ್ ಗಡಿಯಲ್ಲಿದೆ. ಹತ್ತಿರದ ಊರು ಡಿಸ್. ವೇವ್ನಿ, ಲಿಟಲ್ ಊಸ್ ಎರಡೂ ನದಿ ಇಲ್ಲೇ ಹುಟ್ಟುತ್ತವೆ. ಒಂದು ಪೂರ್ವಕ್ಕೆ ಹರಿಯುತ್ತದೆ, ಇನ್ನೊಂದು ಪಶ್ಚಿಮಕ್ಕೆ. ಇದರ ಹೆಸರು ಹೊರಗೆ ಗೊತ್ತಾಗಿದ್ದು ಒಂದು ಜೇಡದಿಂದ. ನೀರಿನ ಮೇಲೆ ಓಡುವ ದೊಡ್ಡ ಫೆನ್ ರಾಫ್ಟ್ ಜೇಡವನ್ನು ಬ್ರಿಟನ್ನಿನಲ್ಲಿ ಮೊದಲು ಗುರುತಿಸಿದ್ದು ಇಲ್ಲೇ, 1956ರಲ್ಲಿ. ಆಮೇಲೆ ಪಕ್ಕದಲ್ಲೇ ಕುಡಿಯುವ ನೀರಿಗೆ ಕೊಳವೆಬಾವಿ ತೋಡಿ ಫೆನ್ ಒಣಗಿಹೋಯಿತು. ನಮಗೆ ಗೊತ್ತಿರುವ ಕಥೆಯೇ. ಗೊತ್ತಿಲ್ಲದ ಭಾಗ ಏನೆಂದರೆ, 1999ರಲ್ಲಿ ಆ ಕೊಳವೆಬಾವಿಯನ್ನು ಮುಚ್ಚಿ ದೂರಕ್ಕೆ ಸಾಗಿಸಿದರು. ಒಣ ಮೇಲ್ಮಣ್ಣು ಕೆರೆದು ತೆಗೆದರು. ನೀರು ವಾಪಸ್ ಬಂತು.

ವಿಕನ್‌ಗಿಂತ ಇಲ್ಲಿ ನಿಶ್ಶಬ್ದ. ಗುರುತು ಹಾಕಿದ ಹಲವು ಸುತ್ತುಗಳಿವೆ. ಆದರೆ ಹಲಗೆ ಹಾದಿ ಇಲ್ಲ ಅನ್ನುವಷ್ಟು ಕಮ್ಮಿ. ಚಳಿಗಾಲದಲ್ಲಿ ದಾರಿ ನೀರಡಿ ಹೋಗುತ್ತದೆ. ಹತ್ತಿರದ ಇತಿಹಾಸ ಅಂದರೆ 1819ರ ಥೆಲ್ನೆತಮ್ ಗಾಳಿಗಿರಣಿ. ಅಮ್ಮನ ಜೊತೆ ಹೋಗುವುದಿಲ್ಲ, ಒಬ್ಬನೇ ಹೋಗುತ್ತೇನೆ.

ಹೋಮ್ ಫೆನ್ ಪೀಟರ್‌ಬರೋ ದಕ್ಷಿಣಕ್ಕಿದೆ. ಅರ್ಧ ಗಂಟೆಯ ಜಾಗ ಅಷ್ಟೇ. ಗ್ರೇಟ್ ಬ್ರಿಟನ್ನಿನ ಅತಿ ತಗ್ಗು ನೆಲ ಇದು, ಸಮುದ್ರಮಟ್ಟಕ್ಕಿಂತ ಎರಡೂವರೆ ಮೀಟರಿಗೂ ಹೆಚ್ಚು ಕೆಳಗೆ. 1850ರ ಆಸುಪಾಸಿನಲ್ಲಿ ಪಕ್ಕದ ವಿಟಲ್ಸಿ ಮಿಯರ್ ಎಂಬ ದೊಡ್ಡ ಕೆರೆ ಬತ್ತಿಸಿದಾಗ ಒಂದು ಕಂಬವನ್ನು ತುದಿ ಮಾತ್ರ ಕಾಣುವಂತೆ ಪೀಟ್‌ನಲ್ಲಿ ಹೂತರು. ನೆಲ ಎಷ್ಟು ಕುಗ್ಗುತ್ತದೆ ನೋಡೋಣ ಅಂತ. ಈಗ ಆ ಕಂಬ ಸುಮಾರು ನಾಲ್ಕು ಮೀಟರ್ ಹೊರಗಿದೆ. ಪಕ್ಕದಲ್ಲಿ ನಿಂತರೆ ಹಳೆಯ ನೆಲ ನಮ್ಮ ಕಾಲಡಿಯಿಂದ ಎರಡಾಳು ಎತ್ತರದಲ್ಲಿ ಇತ್ತು ಅಂತ ಗೊತ್ತಾಗುತ್ತದೆ. ಶೌಚಾಲಯ, ಟೀ ಅಂಗಡಿ ಏನೂ ಇಲ್ಲ. ಬೇರೆಲ್ಲಿಗೋ ಹೋಗುವಾಗ ದಾರಿಯಲ್ಲಿ ಇಳಿದು ನೋಡಿ.

ಡನಿಚ್ ಹೀತ್: ಆಗಸ್ಟ್‌ಗೆ ಕಾಯ್ದಿರಿಸಿ

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಚೆಂದದ್ದು ಇದು. ಆದರೆ ಕೇಂಬ್ರಿಜ್‌ನಿಂದ ಕಾರಿನಲ್ಲಿ ಎರಡು ಗಂಟೆಯ ಹತ್ತಿರ, ಕಾರಿಲ್ಲದೆ ಹೋಗುವುದು ತಲೆನೋವು. ಹತ್ತಿರದ ರೈಲು ನಿಲ್ದಾಣ ಡಾರ್ಶಮ್, ಅಲ್ಲಿಂದ ಇನ್ನೂ ಐದಾರು ಮೈಲಿ. ಒಂದು ಸಲ ಫೋನಿನಲ್ಲಿ ತೋರಿಸಿದ ಬಸ್ಸನ್ನು ನಂಬಿ ಹೋಗಿ ಭಾನುವಾರ ಬಸ್ಸೇ ಇಲ್ಲದೆ ಒಂದು ಗಂಟೆ ಸುಮ್ನೆ ನಿಂತಿದ್ದೇನೆ.

ಆಗಸ್ಟ್ ನಡುವಿನಲ್ಲಿ ಹೋದರೆ ಇಡೀ ಬಯಲು ನೇರಳೆ. ಜುಲೈನಲ್ಲಿ ಬೆಲ್ ಹೆದರ್ ಮೊದಲು ಅರಳುತ್ತದೆ, ಅದು ಕಡು ಬಣ್ಣ. ಆಗಸ್ಟ್‌ನಲ್ಲಿ ಲಿಂಗ್ ಎಂಬ ತಿಳಿ ಬಣ್ಣದ್ದು ಸೇರಿಕೊಳ್ಳುತ್ತದೆ. ಬಯಲು ಮುಗಿಯುವಲ್ಲಿ ಕುಸಿಯುವ ಮರಳು ದಂಡೆ, ಅದರ ಕೆಳಗೆ ಉತ್ತರ ಸಮುದ್ರ. ಜೇನು ಹುಳಗಳ ಗುಂಯ್ ಒಂದು ಕಡೆ, ಅಲೆ ಇನ್ನೊಂದು ಕಡೆ.

ಏಪ್ರಿಲ್ ಮೇ ತಿಂಗಳಲ್ಲೂ ಒಂದು ಕಾರಣಕ್ಕೆ ಹೋಗಬಹುದು. ಆಗ ಗೋರ್ಸ್ ಹೂ ಮೈತುಂಬ ಇರುತ್ತದೆ. ಬಿಸಿಲು ಬಿದ್ದ ಗೋರ್ಸ್ ಪೊದೆಯ ಹತ್ತಿರ ಮೂಗು ಒಯ್ಯಿರಿ. ಕೊಬ್ಬರಿ ವಾಸನೆ! ಉತ್ಪ್ರೇಕ್ಷೆ ಅಲ್ಲ, ಹಾಗೇ ಇರುತ್ತದೆ. ಅಮ್ಮ ಎರಡು ಪೊದೆ ಮೂಸಿ ನೋಡಿ, "ಯಾರೋ ಕೊಬ್ಬರಿ ಮಿಠಾಯಿ ಮಾಡ್ತಿದಾರೆ" ಅಂದರು. ಕೈ ಹಾಕಬೇಡಿ ಮಾತ್ರ, ಮುಳ್ಳು ಜಾಲಿ ಮುಳ್ಳಿಗಿಂತ ಏನೂ ಕಮ್ಮಿ ಇಲ್ಲ.

ನಡಿಗೆ ಹೇಗೆ? ಕಾರು ನಿಲ್ಲಿಸುವಲ್ಲೇ ಹಳೆಯ ಕೋಸ್ಟ್‌ಗಾರ್ಡ್ ಮನೆಗಳ ಸಾಲು, ಅದರಲ್ಲೇ ಟೀ ಸಿಗುತ್ತದೆ, ಶೌಚಾಲಯ ಇದೆ. ಅಲ್ಲಿಂದ ಹೀತ್ ಒಳಗೆ ಒಂದು ಗಂಟೆಯ ಸುತ್ತು ಹಾಕಿ ಬರಬಹುದು. ದಾರಿ ಬಹುಪಾಲು ಗಟ್ಟಿ, ಅಲ್ಲಲ್ಲಿ ಸಡಿಲ ಮರಳು. ಕೆಳಗಿನ ದಂಡೆಗೆ ಇಳಿದು ಅಲ್ಲಿಂದ ಡನಿಚ್ ಊರಿಗೆ ನಡೆಯೋಣ ಅನ್ನುವ ಆಸೆ ಬರುತ್ತದೆ. ಬೇಡ. ಉರುಟುಗಲ್ಲು ಮಂಡಿಗೆ ಶತ್ರು. ಕಾರಿನಲ್ಲೇ ಊರಿಗೆ ಹೋಗಿ. ದಕ್ಷಿಣಕ್ಕೆ ನೋಡಿದರೆ ಸೈಜ್‌ವೆಲ್ ಅಣುಸ್ಥಾವರದ ಬಿಳಿ ಗುಮ್ಮಟ ಕಾಣುತ್ತದೆ. ಕೆಲವರಿಗೆ ಅದು ಕಣ್ಣಿಗೆ ಚುಚ್ಚುತ್ತದೆ. ಈಗ ಅಲ್ಲಿ ಹೊಸ ಸ್ಥಾವರದ ಕೆಲಸವೂ ನಡೆದಿದೆ, ಸುತ್ತಲ ರಸ್ತೆಯಲ್ಲಿ ಲಾರಿ ಜಾಸ್ತಿ, ಅರ್ಧ ಗಂಟೆ ಮುಂಚೆ ಹೊರಡಿ.

ಡನಿಚ್ ಊರಿನ ಇತಿಹಾಸ ಕಾಣುವುದಕ್ಕಿಂತ ಕಾಣದಿರುವುದೇ ಹೆಚ್ಚು. ಮಧ್ಯಯುಗದಲ್ಲಿ ಇದು ಇಂಗ್ಲೆಂಡಿನ ದೊಡ್ಡ ಬಂದರುಗಳಲ್ಲಿ ಒಂದು. 1286 ಮತ್ತು 1328ರ ಬಿರುಗಾಳಿಗಳು ಊರನ್ನು ಕೊಚ್ಚಿದವು, ಬಂದರಿನ ಬಾಯಿ ಮುಚ್ಚಿತು. ಆಮೇಲೆ ಶತಮಾನಗಟ್ಟಲೆ ಸಮುದ್ರ ಒಂದೊಂದೇ ಬೀದಿಯನ್ನು ನುಂಗುತ್ತಾ ಬಂತು. ಊರು ಹೋದರೂ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳಿಸುವುದು ಮಾತ್ರ 1832ರ ತನಕ ನಿಲ್ಲಲಿಲ್ಲ. ಕೊನೆಯ ಹಳೆಯ ಚರ್ಚು ಆಲ್ ಸೇಂಟ್ಸ್ ದಂಡೆಯಂಚಿನಿಂದ ಚೂರುಚೂರಾಗಿ ಜಾರತೊಡಗಿದ್ದು 1904ರಲ್ಲಿ. ಗೋಪುರದ ಕೊನೆಯ ಭಾಗ ಬಿದ್ದಿದ್ದು 1919ರಲ್ಲಿ. ಅಲೆಯಡಿಯಿಂದ ಗಂಟೆಯ ಸದ್ದು ಕೇಳುತ್ತದೆ ಅಂತ ಜನ ಹೇಳುತ್ತಾರೆ. ನಮಗೆ ಕೇಳಿಸಿದ್ದು ಐಸ್‌ಕ್ರೀಂ ಗಾಡಿಯ ಗಂಟೆ.

ಈಗ ಉಳಿದಿರುವುದು ಗ್ರೇಫ್ರಯರ್ಸ್ ಸನ್ಯಾಸಿಗಳ ಮಠದ ಗೋಡೆ, ಒಂದು ಪುಟ್ಟ ಮ್ಯೂಸಿಯಂ, ಹತ್ತಾರು ಮನೆ. ಮಠದ ಪಾಳುಗೋಡೆಗೆ ಟಿಕೆಟ್ ಇಲ್ಲ, ಊರಿನಿಂದ ಹತ್ತು ನಿಮಿಷದ ದಾರಿ. ಮ್ಯೂಸಿಯಂ ಬಿಡಬೇಡಿ. ಊರು ಇದ್ದಾಗ ಹೇಗಿತ್ತು ಅಂತ ಮಾದರಿ ಮಾಡಿಟ್ಟಿದ್ದಾರೆ. ಮಾರಿಕಣಿವೆ ಅಣೆಕಟ್ಟಿನ ನಾಡಿನಿಂದ ಬಂದ ಅಪ್ಪನಿಗೆ ಊರು ಮುಳುಗುವುದು ಹೊಸದಲ್ಲ. ಆದರೂ ಆ ಮಾದರಿಯ ಮುಂದೆ ಮಾತಿಲ್ಲದೆ ನಿಂತರು.

ಬ್ರೆಕ್ಸ್ ಸೀಮೆ: ವೆಸ್ಟ್ ಸ್ಟೋ, ಗ್ರೈಮ್ಸ್ ಗ್ರೇವ್ಸ್

ಥೆಟ್‌ಫರ್ಡ್ ಸುತ್ತಲ ಮರಳು ಸೀಮೆಗೆ ಬ್ರೆಕ್ಸ್ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ ಮಳೆ ಕಮ್ಮಿ ಬೀಳುವ ಜಾಗಗಳಲ್ಲಿ ಇದೂ ಒಂದು, ವರ್ಷಕ್ಕೆ ಸುಮಾರು 600 ಮಿಲಿಮೀಟರ್. ಅಂದರೆ ನಮ್ಮ ಬಯಲುಸೀಮೆಯ ಲೆಕ್ಕವೇ. ಮೊಲ ಸಾಕಿ, ಕುರಿ ಮೇಯಿಸಿ, ಹೊಲ ಉತ್ತು ಬಿಟ್ಟು ಮಣ್ಣು ಸಡಿಲಾಗಿ 17ನೇ ಶತಮಾನದಲ್ಲಿ ಮರಳು ಹಾರಿ ಸ್ಯಾಂಟನ್ ಡೌನಮ್ ಎಂಬ ಹಳ್ಳಿಯನ್ನು ಮುಚ್ಚುವಷ್ಟಾಗಿತ್ತು. 1920ರ ದಶಕದಿಂದ ಸರ್ಕಾರ ಪೈನ್ ಮರ ನೆಟ್ಟು ಬಹುಪಾಲು ಹೀತನ್ನು ಕಾಡು ಮಾಡಿತು.

ಮಕ್ಕಳಿದ್ದರೆ ವೆಸ್ಟ್ ಸ್ಟೋ. ಸುಮಾರು ಕ್ರಿ.ಶ. 420ರಿಂದ 650ರವರೆಗೆ ಜನ ಬದುಕಿದ್ದ ಆಂಗ್ಲೋ-ಸ್ಯಾಕ್ಸನ್ ಹಳ್ಳಿ. ಮಧ್ಯಯುಗದಲ್ಲಿ ಹಾರಿಬಂದ ಮರಳೇ ಇದನ್ನು ಮುಚ್ಚಿ ಕಾಪಾಡಿತು. 1965ರಿಂದ 1972ರವರೆಗೆ ಅಗೆದರು. ಸಿಕ್ಕಿದ ಗುಣಿಗಳ ಮೇಲೇ ಮರದ ಗೋಡೆ, ಹುಲ್ಲು ಚಾವಣಿಯ ಮನೆಗಳನ್ನು ಮತ್ತೆ ಕಟ್ಟಿದ್ದಾರೆ. ಒಳಗೆ ಹೋದರೆ ಹೊಗೆ ವಾಸನೆ, ಕತ್ತಲು, ನಡುವೆ ಒಲೆ. ಅಮ್ಮನಿಗೆ ಇದರಲ್ಲಿ ಮ್ಯೂಸಿಯಂ ಅನ್ನಿಸುವಂಥದ್ದೇನೂ ಕಾಣಲಿಲ್ಲ. "ನಮ್ಮಜ್ಜಿ ಮನೆ ಹೀಗೇ ಇತ್ತು" ಅಂತ ಒಲೆ ಇಟ್ಟ ಜಾಗದಲ್ಲಿ ತಪ್ಪು ಹುಡುಕಿದರು.

ಹಳ್ಳಿಯ ಸುತ್ತ ಉದ್ಯಾನವಿದೆ. ಹೀತ್, ಪೈನ್ ತೋಪು, ಕೆರೆ, ಲಾರ್ಕ್ ನದಿ ದಂಡೆ ಎಲ್ಲ ಒಂದೇ ಸುತ್ತಿನಲ್ಲಿ. ಟೀ ಇದೆ, ಬೆಂಚಿದೆ. ಉದ್ದ ನಡೆಯುವವರು ಹತ್ತಿರದ ಕ್ಯಾವನಮ್ ಹೀತ್‌ಗೆ ಹೋಗಲಿ. ಅಲ್ಲಿ ಸ್ಟೋನ್ ಕರ್ಲ್ಯೂ ಎಂಬ ಹಕ್ಕಿ ನೆಲದ ಮೇಲೇ ಮೊಟ್ಟೆ ಇಡುವುದರಿಂದ ವಸಂತ, ಬೇಸಿಗೆಯಲ್ಲಿ ಕೆಲವು ಭಾಗ ಮುಚ್ಚಿರುತ್ತಾರೆ. ಫಲಕ ಕಂಡರೆ ವಾಪಸ್ ಬನ್ನಿ.

ಗ್ರೈಮ್ಸ್ ಗ್ರೇವ್ಸ್ ಹೆಸರಿಗೆ ಗೋರಿ, ನಿಜಕ್ಕೂ ಕಲ್ಲು ಗಣಿ. ನಾಲ್ಕೂವರೆ ಸಾವಿರ ವರ್ಷದ ಹಿಂದೆ ಜಿಂಕೆ ಕೊಂಬಿನಿಂದ ಅಗೆದು ಚಕಮಕಿ ಕಲ್ಲು ತೆಗೆದ ನಾನೂರಕ್ಕೂ ಹೆಚ್ಚು ಗುಂಡಿ. ಈಗ ಎಲ್ಲ ತುಂಬಿ ಹುಲ್ಲು ಬೆಳೆದು ಚಂದ್ರನ ಮೈ ಹಾಗೆ ತಗ್ಗು ದಿಣ್ಣೆ. ಒಂದು ಗುಂಡಿಗೆ ಸುಮಾರು ಒಂಬತ್ತು ಮೀಟರ್ ಇಳಿದು ನೋಡಬಹುದು. ಮಂಡಿ ನೋವಿದ್ದವರು ಮೇಲೆ ಹುಲ್ಲಲ್ಲಿ ಬಾನಾಡಿ ಹಾಡು ಕೇಳುತ್ತಾ ಕೂರುವುದು ವಾಸಿ. ಚಳಿಗಾಲದಲ್ಲಿ ಮುಚ್ಚಿರಬಹುದು, ವೇಳೆ ನೋಡಿಕೊಂಡು ಹೊರಡಿ.

ಕಾರಿಲ್ಲದವರಿಗೆ ಥೆಟ್‌ಫರ್ಡ್

ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇದನ್ನೇ. ಕೇಂಬ್ರಿಜ್‌ನಿಂದ ನಾರಿಚ್ ಕಡೆಯ ರೈಲು ಹತ್ತಿ ಒಂದು ಗಂಟೆಯೊಳಗೆ ಇಳಿಯಬಹುದು. ನಿಲ್ದಾಣದಿಂದ ಹತ್ತು ನಿಮಿಷಕ್ಕೆ 12ನೇ ಶತಮಾನದ ಮಠದ ಪಾಳು, ಟಿಕೆಟ್ ಇಲ್ಲ. ಊರ ನಡುವೆ ನಾರ್ಮನ್ನರು ಮಣ್ಣು ಪೇರಿಸಿ ಮಾಡಿದ ಕೋಟೆ ದಿಬ್ಬ, ಇಂಗ್ಲೆಂಡಿನ ಅತಿ ಎತ್ತರದವುಗಳಲ್ಲಿ ಒಂದು. ಮೆಟ್ಟಿಲು ಹತ್ತಲಾಗದವರು ಕೆಳಗೇ ಇರಲಿ, ಮೇಲೆ ಕೋಟೆ ಏನೂ ಇಲ್ಲ. ಊರ ತುದಿಯಲ್ಲಿ ಬಾರ್ನಮ್ ಕ್ರಾಸ್ ಕಾಮನ್ ಎಂಬ ಪುಟ್ಟ ಹೀತ್. ಡನಿಚ್ ನೋಡಿದ ಕಣ್ಣಿಗೆ ಅದು ಸಪ್ಪೆ, ನಿಜ.

ಆದರೆ ನದಿಯ ನಡುಗಡ್ಡೆಯಲ್ಲಿ ಕುದುರೆ ಮೇಲೆ ಕೂತ ಒಬ್ಬ ಸಿಖ್ ರಾಜನ ಪ್ರತಿಮೆ ಇದೆ. ಮಹಾರಾಜ ದಲೀಪ್ ಸಿಂಗ್. ಪಂಜಾಬನ್ನು ಬ್ರಿಟಿಷರು ಕಿತ್ತುಕೊಂಡಾಗ ಹುಡುಗ. ಕೊಹಿನೂರ್ ಹೋಗಿದ್ದು ಅವನ ಕೈಯಿಂದಲೇ. 1854ರಲ್ಲಿ ಇಂಗ್ಲೆಂಡಿಗೆ ಕರೆತಂದರು. 1860ರ ದಶಕದಲ್ಲಿ ಹತ್ತಿರದ ಎಲ್ವಡನ್ ಎಸ್ಟೇಟ್ ಅವನದಾಯಿತು. ಈ ಹೀತ್‌ಗಳಲ್ಲಿ ಬೇಟೆಯಾಡುತ್ತಾ ಬದುಕಿದ. 1893ರಲ್ಲಿ ಪ್ಯಾರಿಸ್‌ನಲ್ಲಿ ಸತ್ತ, ಎಲ್ವಡನ್ ಚರ್ಚಿನಂಗಳದಲ್ಲಿ ಸಮಾಧಿ. ಪ್ರತಿಮೆ ನಿಲ್ಲಿಸಿದ್ದು 1999ರಲ್ಲಿ. ಊರಿನ ಏನ್ಷಂಟ್ ಹೌಸ್ ಮ್ಯೂಸಿಯಂ ಕಟ್ಟಡವನ್ನು ಊರಿಗೆ ಕೊಟ್ಟದ್ದು ಅವನ ಮಗ ಫ್ರೆಡರಿಕ್.

ಸಟನ್ ಹೂ: ನಡಿಗೆಗಿಂತ ಇತಿಹಾಸ

ಇಲ್ಲಿ ಹೂ ಅಂದರೆ ಹೂವಲ್ಲ, ದಿಣ್ಣೆಯ ಚಾಚು ಅನ್ನುವ ಅರ್ಥದ ಹಳೆಯ ಇಂಗ್ಲಿಷ್ ಮಾತು. ವುಡ್‌ಬ್ರಿಜ್ ಎದುರು, ಡೆಬನ್ ನದಿಯ ಮೇಲಿದೆ. 1939ರಲ್ಲಿ ಜಮೀನಿನ ಒಡತಿ ಈಡಿತ್ ಪ್ರಿಟಿ ಹೇಳಿದಂತೆ ಬೇಸಿಲ್ ಬ್ರೌನ್ ಇಲ್ಲಿನ ಆಂಗ್ಲೋ-ಸ್ಯಾಕ್ಸನ್ ಕಾಲದ ಸಮಾಧಿ ದಿಬ್ಬ ಅಗೆದಾಗ 27 ಮೀಟರ್ ಉದ್ದದ ಹಡಗಿನ ಗುರುತು ಸಿಕ್ಕಿತು. ಮರ ಕರಗಿತ್ತು, ಮೊಳೆಗಳ ಸಾಲು ಮಾತ್ರ ಮರಳಿನಲ್ಲಿ ಉಳಿದಿತ್ತು. ಒಳಗಿದ್ದ ಚಿನ್ನ, ಶಿರಸ್ತ್ರಾಣ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಆಭರಣದ ಕೆಂಪು ಗಾರ್ನೆಟ್ ಕಲ್ಲುಗಳಲ್ಲಿ ಕೆಲವು ಭಾರತ, ಶ್ರೀಲಂಕಾ ಕಡೆಯಿಂದ ಬಂದಿರಬಹುದು ಅನ್ನುತ್ತಾರೆ ಬಲ್ಲವರು.

ದಿಬ್ಬಗಳ ಸುತ್ತು ಚಿಕ್ಕದು, ಸಮತಟ್ಟು, ಹಿರಿಯರಿಗೆ ಸರಿ. 17 ಮೀಟರಿನ ಗೋಪುರ ಹತ್ತಿದರೆ ದಿಬ್ಬಗಳ ಆಕಾರ ಚೆನ್ನಾಗಿ ಕಾಣುತ್ತದೆ. ಆದರೆ ಹೀತ್ ನೋಡಲು ಬಂದವರಿಗೆ ಇಲ್ಲಿ ಹೀತ್ ಕಮ್ಮಿ. ಕಥೆ ಗೊತ್ತಿಲ್ಲದೆ ಬಂದರೆ ಹುಲ್ಲು ದಿಬ್ಬ ಅಷ್ಟೇ. ಮೆಲ್ಟನ್ ನಿಲ್ದಾಣದಿಂದ ಎರಡು ಕಿಲೋಮೀಟರ್ ನಡಿಗೆ, ಹಾಗಾಗಿ ರೈಲಿನವರಿಗೂ ಸಾಧ್ಯ.

ಹಾಗಾದರೆ ಯಾವುದು?

ಅಪ್ಪ ಅಮ್ಮ ಜೂನ್‌ನಲ್ಲಿ ಬಂದು ಜುಲೈಗೆ ಹೊರಡುತ್ತಾರಾ? ವಿಕನ್ ಮತ್ತು ಈಲಿ. ಆಗಸ್ಟ್ ಇರುತ್ತಾರಾ? ಬೇರೆಲ್ಲ ಬಿಟ್ಟು ಡನಿಚ್, ಮೂರನೇ ವಾರ ಸಿಕ್ಕರೆ ಇನ್ನೂ ಒಳ್ಳೆಯದು. ಚಿಕ್ಕ ಮಕ್ಕಳು, ಅರ್ಧ ದಿನ ಮಾತ್ರ ಬಿಡುವು ಅಂದರೆ ವೆಸ್ಟ್ ಸ್ಟೋ. ಕಾರಿಲ್ಲ, ಕೈಯಲ್ಲಿ ದುಡ್ಡೂ ಕಮ್ಮಿ ಅಂದರೆ ಥೆಟ್‌ಫರ್ಡ್. ಇತಿಹಾಸದ ಮೇಷ್ಟ್ರು ಮನೆಗೆ ಬಂದಿದ್ದರೆ ಸಟನ್ ಹೂ.

ಚಳಿಗಾಲದಲ್ಲಿ ಹೀತ್ ಗೆಲ್ಲುತ್ತದೆ. ಮರಳಿನಲ್ಲಿ ನೀರು ಇಂಗುವುದರಿಂದ ಕೆಸರಿಲ್ಲ. ಫೆನ್‌ಗೆ ಹೋಗಲೇಬೇಕು ಅಂದರೆ ಹಲಗೆ ಬಿಟ್ಟು ಇಳಿಯಬೇಡಿ. ಒಂದು ವಿಷಯ ಮಾತ್ರ ಹೇಳಿಬಿಡುತ್ತೇನೆ: ಒಂದೇ ದಿನ ಹೀತ್ ಮತ್ತು ಫೆನ್ ಎರಡನ್ನೂ ಮುಗಿಸುವ ಪ್ಲಾನ್ ಹಾಕಬೇಡಿ. ನಾನು ಹಾಕಿ ನೋಡಿದ್ದೇನೆ. ನೆನಪಿರುವುದು ಕಾರಿನ ಸೀಟು ಮಾತ್ರ.

ನ್ಯಾಷನಲ್ ಟ್ರಸ್ಟ್ ಸದಸ್ಯತ್ವ ಇದ್ದರೆ ವಿಕನ್, ಡನಿಚ್ ಹೀತ್, ಸಟನ್ ಹೂ ಮೂರಕ್ಕೂ ನಡೆಯುತ್ತದೆ. ಗ್ರೈಮ್ಸ್ ಗ್ರೇವ್ಸ್ ಇಂಗ್ಲಿಷ್ ಹೆರಿಟೇಜ್ ಎಂಬ ಬೇರೆ ಸಂಸ್ಥೆಯದು, ಅದಕ್ಕೆ ಆ ಕಾರ್ಡ್ ನಡೆಯದು.

ಹೀತ್‌ಗೆ ಹೋಗುವಾಗ ಉದ್ದ ಪ್ಯಾಂಟ್ ಹಾಕಿ, ಕಾಲುಚೀಲದೊಳಗೆ ತುರುಕಿ. ರಕ್ತ ಹೀರುವ ಉಣ್ಣೆ ಹುಳಗಳಿವೆ, ಲೈಮ್ ಕಾಯಿಲೆ ಹರಡುತ್ತವೆ. ಮಂಗನ ಕಾಯಿಲೆ ನೋಡಿದ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಗೆ ಬಂದ ಮೇಲೆ ಮಂಡಿಯ ಹಿಂದೆ, ಸೊಂಟದ ಪಟ್ಟಿಯ ಕೆಳಗೆ ನೋಡಿಕೊಳ್ಳಿ. ಬಿಸಿಲಿಗೆ ಮೈಯೊಡ್ಡಿ ಮಲಗಿದ ಆ್ಯಡರ್ ಹಾವು ಕಂಡರೆ ದೂರದಿಂದ ನೋಡಿ, ಅದಕ್ಕೂ ನಮ್ಮ ಸಹವಾಸ ಬೇಡ. ಬುತ್ತಿಗೆ ಚಿತ್ರಾನ್ನ, ಕೋಡುಬಳೆ ಸಾಕು. ಸಸ್ಯಾಹಾರಿಗಳಿಗೆ ಟೀ ಅಂಗಡಿಯಲ್ಲಿ ಸಿಗುವುದು ಸ್ಕೋನ್ ಮತ್ತು ಚಿಪ್ಸ್. ವಿಕನ್‌ನಲ್ಲಿ ಮಾತ್ರ ಡಬ್ಬಿಯನ್ನು ಕುದುರೆಗಳ ಹತ್ತಿರ ತೆರೆಯಬೇಡಿ. ಅಪ್ಪನ ಕೈಯಲ್ಲಿದ್ದ ಕೋಡುಬಳೆ ಹೋಗಿದ್ದು ಹಾಗೆ.